ರಕ್ಕಸನ ಹೊಸ ಹಲ್ಲು, ಅಪ್ಪನ ಹಾಡು

ಅಪ್ಪಾ,

ನಿಮ್ಮ ಮಗಳು, ಅಂದರೆ ಈ ಚೀಟಿ ಬರೆದವಳು, ಕೆಲಸಕ್ಕೆ ಹೋಗಿದ್ದಾಳೆ. ತಿಂಡಿ ಮುಚ್ಚಿಟ್ಟಿದ್ದಾಳೆ. ಇದನ್ನು ಓದಿ ಮುಗಿಸುವ ತನಕ ಹಲಗೆ ನುಣುಪು ಮಾಡುವ ನಿಮ್ಮ ರಂದದ ಮೆಷಿನ್ ಮುಟ್ಟಬೇಡಿ.

ನಿನ್ನೆ ಅವಳು ಅದರ ಉದ್ದ ಬ್ಲೇಡುಗಳ ಹಳೆ ಉರುಳೆ ಕಿತ್ತು, ಸುರುಳಿಯಾಗಿ ಪುಟ್ಟ ಪುಟ್ಟ ಚೌಕ ಬ್ಲೇಡುಗಳಿರುವ ಹೊಸದನ್ನು ಕೂರಿಸಿದಳಲ್ಲ, ಅಜ್ಜಿ ಕಥೆಯ ರಕ್ಕಸನ ಪ್ರಾಣ ಗಿಣಿಯಲ್ಲಿದ್ದ ಹಾಗೆ ಇದರ ಪ್ರಾಣ ಆ ಬ್ಲೇಡುಗಳ ಸ್ಕ್ರೂಗಳಲ್ಲಿದೆ. ಪ್ಲಗ್ ಕಿತ್ತು, ಒಂದೊಂದನ್ನೂ ಇನ್ನೊಮ್ಮೆ ಬಿಗಿ ಮಾಡಿ. ಬ್ಲೇಡಿನ ಒಂದು ಅಂಚು ಮೊಂಡಾದರೆ ತಿರುಗಿಸಿ ಕೂರಿಸಿದರೆ ಸಾಕು, ಸಾಣೆ ಹಿಡಿಯುವುದು ಬೇಡ.

ಇನ್ನೊಂದು ವಿಷಯ, ಸಿಟ್ಟಾಗಬೇಡಿ. ರಕ್ಕಸ ಈಗ ಕಿರುಚುವುದಿಲ್ಲ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಾನೆ ಅಷ್ಟೇ. ಇಷ್ಟು ವರ್ಷ ಅವನ ಕಿರುಚಾಟದ ಮರೆಯಲ್ಲಿ ನೀವು ಗಂಟಲು ಬಿಟ್ಟು ಹಾಡುತ್ತಿದ್ದಿರಿ ಎನ್ನುವುದು ನಿನ್ನೆ ಇಡೀ ಬೀದಿಗೆ ಗೊತ್ತಾಯಿತು. ಎದುರುಮನೆ ದರ್ಜಿಯಂತೂ "ನಿಮ್ಮಪ್ಪಂಗೆ ಎಲ್ಲಾದ್ರೂ ಪೆಟ್ಟಾಯ್ತೇನಮ್ಮಾ?" ಎಂದು ಓಡಿ ಬಂದರು.

ನಾಚಿಕೆಯಾಯಿತೆಂದು ಹಳೆ ಉರುಳೆ ಹುಡುಕಬೇಡಿ. ಮಗಳು ಅದನ್ನು ಬಚ್ಚಿಟ್ಟಿದ್ದಾಳೆ.

"ಆ ಮೆಷಿನ್ ಹಾಳಾಗಿ ಹೋಗ್ಲಿ" ಎಂದು ದಿನಾ ಶಪಿಸುತ್ತಿದ್ದ ಅಮ್ಮ ನಿನ್ನೆ ಸೌಟು ಹಿಡಿದು ಕಿಟಕಿಯ ಹತ್ತಿರ ನಿಂತೇ ಇದ್ದಳು. ಹಾಲೆಲ್ಲ ಉಕ್ಕಿ ಒಲೆ ಪಾಲಾಯಿತು. ಇವತ್ತು ಬೆಳಿಗ್ಗೆ ಅಟ್ಟದ ಮೇಲಿದ್ದ ಬೇಡದ ಹಲಗೆಗಳನ್ನೆಲ್ಲ ಇಳಿಸಿ ಮೆಷಿನ್ ಪಕ್ಕ ಒರಗಿಸಿದ್ದಾಳೆ. "ಇವೆಲ್ಲ ಯಾಕಮ್ಮಾ?" ಎಂದರೆ, "ಸುಮ್ನೆ. ನುಣ್ಣಗಿರ್ಲಿ ಅಂತ" ಎಂದಳು.

ಹಲಗೆಯಲ್ಲಿ ಮೊಳೆ ಇದ್ದರೆ ಮೊದಲು ಕೀಳಿ. ಆಮೇಲೆ ನಿಧಾನವಾಗಿ ರಂದ ಹೊಡೆಯಿರಿ, ಅಪ್ಪಾ.