ಬೊಂಬಾಯಿಗೆ ನಾಲ್ಕೇ ಗಂಟೆ

ಶಿಡ್ಲಘಟ್ಟ
20 ಮಾರ್ಚ್ 1988

ಪ್ರೀತಿಯ ರಾಮಲಕ್ಷ್ಮಿಗೆ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಫಿಲೇಚರಿನಲ್ಲಿ ಗೂಡು ಬೇಯಿಸಿ ರೇಷ್ಮೆ ತೆಗೆದು ಬರುವಷ್ಟರಲ್ಲಿ ಬೆರಳು ಪೆನ್ನು ಹಿಡಿಯುವ ಸ್ಥಿತಿಯಲ್ಲಿರುವುದಿಲ್ಲ. ಅದು ನೆಪ ಬಿಡು, ನಿಜವಾಗಿ ನಿನ್ನ ಮೇಲೆ ಕೋಪ ಬಂದಿತ್ತು. ‘ಮೇಡಂ ಇನ್ನೊಂದು ವರ್ಷ ಇರು ಅಂತಿದ್ದಾರೆ, ಏನು ಮಾಡಲಿ?’ ಎಂದು ನನ್ನನ್ನು ಕೇಳುತ್ತೀಯಲ್ಲ! ಕುವೈತಿನಲ್ಲಿ ಯಾರದೋ ಮಗುವಿಗೆ ಅನ್ನ ಕಲಸಿ ತಿನ್ನಿಸಿದ್ದು ಎರಡು ವರ್ಷ ಸಾಲದೇನೇ?

ಮೊನ್ನೆ ನಿನ್ನ ಮಗಳು ಅನಸೂಯ ಹಟ ಹಿಡಿದು ನನ್ನನ್ನು ಚಿಂತಾಮಣಿಗೆ ಎಳೆದುಕೊಂಡು ಹೋದಳು, ನಿನ್ನನ್ನು ಕಳಿಸಿದ ಏಜೆಂಟ್ ಚನ್ನಕೇಶವನ ಅಂಗಡಿಗೆ. "ಕುವೈತ್ ಎಷ್ಟು ದೂರ ಅಣ್ಣ? ವಿಮಾನದಲ್ಲಿ ಎಷ್ಟೊತ್ತು?" ಎಂದು ಇವಳೇ ಕೇಳಿದಳು. ಅವನು ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು, "ಬೊಂಬಾಯಿಂದ ಎರಡೂಮುಕ್ಕಾಲು ಸಾವಿರ ಕಿಲೋಮೀಟರ್ ಆಗ್ತದಮ್ಮ. ಹತ್ತಿ ಕೂತ್ರೆ ನಾಲ್ಕು ಗಂಟೆ, ಅಷ್ಟೇ" ಅಂದ. ಇವಳಿಗೆ ನಂಬಿಕೆಯೇ ಬರಲಿಲ್ಲ. "ನಾಲ್ಕೇ ಗಂಟೆನಾ? ನಾವು ತಿರುಪತಿಗೆ ಹೋಗೋಕೆ ಅದಕ್ಕಿಂತ ಜಾಸ್ತಿ ಆಯ್ತಲ್ಲಪ್ಪ!" ಎಂದು ನನ್ನ ಮುಖ ನೋಡಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು: "ಅಷ್ಟು ಹತ್ರ ಇದ್ರೂ ಅಮ್ಮ ಯಾಕೆ ಬರಲ್ಲ?" ಮೇಡಂ ರಜ ಕೊಡಬೇಕು, ಅವರ ಬೀರುವಿನಲ್ಲಿರುವ ಪಾಸ್‌ಪೋರ್ಟ್ ಈಚೆ ಬರಬೇಕು ಎಂದೆಲ್ಲ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ನನಗೂ ನನ್ನ ಮಾತು ಹಿಡಿಸಲಿಲ್ಲ.

ಸೋರುತ್ತಿದ್ದ ಅಡುಗೆಮನೆಗೆ ನೀನು ಕಳಿಸಿದ ದುಡ್ಡಿನಲ್ಲಿ ಶೀಟು ಹಾಕಿಸಿದೆ. ನಮ್ಮಕ್ಕ ಗಂಗುಲಮ್ಮ ಇಲ್ಲೇ ಇದ್ದು ನೋಡಿಕೊಳ್ಳುತ್ತಿದ್ದಾಳೆ. "ನಿನ್ ಹೆಂಡ್ತಿ ಹಂಗೆ ಸಾರು ಮಾಡೋಕೆ ನನ್ ಕೈಲಿ ಆಗಲ್ಲ ಕಣೋ" ಎಂದು ದಿನಾ ಗೊಣಗುತ್ತಾಳೆ. ಸಾರಿನ ಮಾತು ಹಾಗಿರಲಿ, ಸಂಜೆ ಕೆಲಸ ಮುಗಿದ ಮೇಲೆ ನನಗೆ ಮನೆಗೆ ಬರಲೇ ಮನಸ್ಸಾಗುವುದಿಲ್ಲ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ನೀನು ಬೇಕು.

ಮೇಡಂಗೆ ಆಗುವುದಿಲ್ಲ ಎಂದುಬಿಡು. ಬಿಸಿಲಿಗೆ ತಲೆ ಕೊಡಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ದಾರಿ ಕಾಯುತ್ತಿರುವ
ಮುನಿವೆಂಕಟಪ್ಪ

ವಿ.ಸೂ.: ಇದು ಗಂಡಸು ಬರೆಯುವ ವಿಷಯವಲ್ಲ, ಆದರೂ ಬರೆಯುತ್ತೇನೆ. ನಮ್ಮ ಅನಸೂಯ ದೊಡ್ಡವಳಾಗಿದ್ದಾಳೆ. ಸಂಕ್ರಾಂತಿ ಹೊತ್ತಿಗೇ ಆಗಿದೆಯಂತೆ. ಯಾರಿಗೂ ಹೇಳದೆ, ಬಚ್ಚಲ ಹಿಂದೆ ಬಟ್ಟೆ ಒಣಗಿಸಿಕೊಂಡು ಒಬ್ಬಳೇ ಸುಧಾರಿಸಿಕೊಂಡಿದ್ದಾಳೆ. ನಿನ್ನೆ ಅಕ್ಕನ ಕಣ್ಣಿಗೆ ಬಿತ್ತು. ಒಸಗೆ ಮಾಡೋಣ, ಆರತಿ ನಾನೇ ಎತ್ತುತ್ತೇನೆ ಎಂದು ಅಕ್ಕ ಹೊರಟರೆ, "ಅಮ್ಮ ಬರೋವರ್ಗೂ ನಾನು ಕೂರಲ್ಲ ಅತ್ತೆ. ಫಸ್ಟು ಅಮ್ಮಂಗೇ ಹೇಳ್ಬೇಕು ಅಂತ ಇದ್ದೆ" ಎಂದು ಅತ್ತುಬಿಟ್ಟಳಂತೆ. ನಿನಗೆ ನಾನು ಬರೆಯಕೂಡದು ಎಂದು ಅಕ್ಕನ ಕೈಲಿ ಹೇಳಿ ಕಳಿಸಿದ್ದಾಳೆ. ನನ್ನ ಕೈಲಿ ತಡೆಯಲಾಗಲಿಲ್ಲ. ನೀನು ಬಂದ ದಿನ ಅವಳು ಹೇಳುತ್ತಾಳೆ. ಆಗ ಏನೂ ಗೊತ್ತಿಲ್ಲದವಳ ಹಾಗೆ ಕೇಳು.