ಪರದೆಯಲ್ಲಿ ಕಾಣದ ಬೆಲ್ಟ್ ಕವರು

ಹುಣಸೂರು, 18 ಅಕ್ಟೋಬರ್ 2004

ಕೃಷಿಯಂತ್ರಗಳ ನಕ್ಷೆಗೆ ಒಪ್ಪಿಗೆಯ ಮುದ್ರೆ ಒತ್ತುವ ಮಾನ್ಯರೇ,

ನೀವು ಒಪ್ಪಿದ ಮುಸುಕಿನ ಜೋಳ ಬಿಡಿಸುವ ಯಂತ್ರಕ್ಕೆ ಬೆಲ್ಟ್ ಕವರಿಲ್ಲ. ಗುರುಪುರದ ಚಿಕ್ಕಬೀರಮ್ಮನಿಗೆ ಈಗ ಬಲಗೈ ಇಲ್ಲ. ಅಂಥವೇ ಇನ್ನೂ ಮೂವತ್ತೊಂಬತ್ತು ಯಂತ್ರಗಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿವೆ. ಮೂರು ಪತ್ರ ಬರೆದೆ, ಒಂದಕ್ಕೆ ಉತ್ತರ ಬಂತು. ಅದನ್ನು ಓದಿದ ಮೇಲೆ, ಇನ್ನು ಊರೆಲ್ಲ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷದ ಸಭೆ ನಿಮಗೆ ನೆನಪಿರಬಹುದು. ನಿಮ್ಮ ಕಚೇರಿಗೆ ಯಾವ ಕ್ಯಾಡ್ ಪ್ರೋಗ್ರಾಂ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ, ಕೊಳ್ಳಬೇಕೆಂದು ತೀರ್ಮಾನಿಸಲು ನಕ್ಷೆ ಬರೆಯುವ ನಮ್ಮನ್ನೆಲ್ಲ ಮೈಸೂರಿಗೆ ಕರೆಸಿದ್ದಿರಿ. ಒಂದು, ನಾವು ಏಳು ವರ್ಷದಿಂದ ಬಳಸುತ್ತಿದ್ದ, ಕಪ್ಪು ಪರದೆಯ ಮೇಲೆ ಬರೀ ಗೆರೆ ಎಳೆಯುವ ಹಳೆಯದು. ಇನ್ನೊಂದರಲ್ಲಿ ಯಂತ್ರ ಬಣ್ಣಬಣ್ಣವಾಗಿ ಎದ್ದು ನಿಂತು ಗಿರಗಿರನೆ ತಿರುಗಿತು. ನೀವು ಮಗುವಿನಂತೆ ಚಪ್ಪಾಳೆ ತಟ್ಟಿದಿರಿ. ಹೊಸದು ಕೆಟ್ಟದ್ದೆಂದು ನಾನು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಹಳೆಯ ನಕ್ಷೆಗಳು ಇದರಲ್ಲಿ ಪೂರ್ತಿಯಾಗಿ ತೆರೆಯುತ್ತವೆಯೇ? "ಓಪನ್ ಆಗುತ್ತೆ ಸಾರ್" ಎಂದ ಮಾರಲು ಬಂದವನು. "ಆಯ್ತಲ್ಲ ಸ್ವಾಮಿ, ಊಟಕ್ಕೆ ಏಳಿ" ಎಂದಿರಿ ನೀವು. ಆಯ್ಕೆ ಮುಗಿಯಿತು.

ನಮ್ಮ ಕೆಲಸದ ರೀತಿಯನ್ನು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ನಾವು ಪುಲ್ಲಿ, ಬೆಲ್ಟುಗಳನ್ನು ಒಂದು ಹಾಳೆಯಲ್ಲಿ ಬರೆದು, ಕವರನ್ನು ಟ್ರೇಸಿಂಗ್ ಹಾಳೆಯಲ್ಲಿ ಬರೆದು ಅದರ ಮೇಲೆ ಹೊದಿಸುತ್ತಿದ್ದೆವು. ಕೆಳಗಿನ ಗೆರೆಗಳು ಮರೆಯಾಗಬಾರದಲ್ಲ, ಅದಕ್ಕೆ. ಕಂಪ್ಯೂಟರ್ ಬಂದ ಮೇಲೂ ಅದೇ ಅಭ್ಯಾಸ ಉಳಿಯಿತು. ಕವರಿಗೆ ಬೇರೆಯದೇ ಫೈಲು. ಹಳೆಯ ಪ್ರೋಗ್ರಾಂ ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸುತ್ತಿತ್ತು. ಈ ಯಂತ್ರಕ್ಕೆ ನಾನು ಕಳಿಸಿದ ಎರಡು ಫೈಲುಗಳಲ್ಲಿ ಹೊಸದು ಕೆಳಗಿನದನ್ನು ಮಾತ್ರ ತೆರೆಯಿತು, ಇನ್ನೊಂದು ಸಿಗಲಿಲ್ಲವೆಂದು ಸೊಲ್ಲೂ ಎತ್ತಲಿಲ್ಲ. ನಿಮ್ಮ ಕಚೇರಿ ಅದಕ್ಕೇ ಬಣ್ಣ ಬಳಿದು, ತಿರುಗಿಸಿ ನೋಡಿ, ಒಪ್ಪಿಗೆ ಕೊಟ್ಟು, ನಲವತ್ತು ಯಂತ್ರ ಮಾಡಿಸಿ ಹಂಚಿತು. ಓಡುವ ಬೆಲ್ಟಿನ ಮೇಲೆ ಏನಾದರೂ ಇರಬೇಕಲ್ಲ ಎಂದು ಅಷ್ಟು ಜನ ಇಂಜಿನಿಯರುಗಳಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ?

ಚಿಕ್ಕಬೀರಮ್ಮನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಸೆರಗು ಬೆಲ್ಟಿಗೆ ಸಿಕ್ಕಿತ್ತು. ಬಿಡಿಸಲು ಹೋದ ಕೈಯನ್ನೂ ಅದು ಎಳೆದುಕೊಂಡಿತ್ತು. ಮೊಣಕೈಯಿಂದ ಕೆಳಗೆ ಏನೂ ಉಳಿದಿರಲಿಲ್ಲ. ಗಂಡ ಕುಳ್ಳಯ್ಯ ಅನ್ನ ಕಲಸಿ ತಿನ್ನಿಸುತ್ತಿದ್ದ. ನಕ್ಷೆ ನನ್ನದೆಂದು ತಿಳಿದಾಗ ಆಕೆ ಬೈಯಲಿಲ್ಲ.

"ನಮ್ಮೂರ ಇಟ್ಟಿನ್ ಮಿಲ್ಲಿಗೂ ಮುಚ್ಚಳ ಐತೆ ಕಣಣ್ಣಾ. ಇದ್ಕ್ಯಾಕೆ ಬರೀನಿಲ್ಲ ನೀವು?"

"ಸುಮ್ಕಿರಮ್ಮಿ, ಅವ್ರೇನ್ ಮಾಡಾರು" ಎಂದ ಕುಳ್ಳಯ್ಯ.

ನಾನು ಬರೆದಿದ್ದೆ. ಹೊರಗೆ ಬಂದು ಅತ್ತೆ.

ಮಾರನೆಯ ದಿನವೇ ಕವರನ್ನು ಕೆಂಪು ಶಾಯಿಯಲ್ಲಿ ಬರೆದು ಕಾಗದದ ನಕ್ಷೆ ಕಳಿಸಿದೆ. ನಿಮ್ಮ ಉತ್ತರ ಹೀಗಿತ್ತು: "ಕಾಗದದ ನಕ್ಷೆಗಳನ್ನು ಸ್ವೀಕರಿಸಲಾಗುವುದಿಲ್ಲ. ಹೊಸ ತಂತ್ರಾಂಶದಲ್ಲಿ ಸಿದ್ಧಪಡಿಸಿ ಸಲ್ಲಿಸತಕ್ಕದ್ದು." ಆ ತಂತ್ರಾಂಶ ಇಡೀ ಹುಣಸೂರಿನಲ್ಲಿ ಯಾರ ಬಳಿಯೂ ಇಲ್ಲವೆಂದು ನಿಮಗೆ ಚೆನ್ನಾಗಿ ಗೊತ್ತು. ಒಬ್ಬ ಹೆಣ್ಣುಮಗಳ ಕೈ ಹೋದ ಸುದ್ದಿಯನ್ನೂ ಬಣ್ಣ ಹಾಕಿ, ತಿರುಗಿಸಿ ತೋರಿಸಬೇಕಿತ್ತೇ?

ನನಗೆ ನಿಮ್ಮ ಕ್ಷಮಾಪಣೆ ಬೇಡ, ವಿಚಾರಣಾ ಸಮಿತಿಯೂ ಬೇಡ. ವೆಲ್ಡಿಂಗ್ ಶೆಡ್ಡಿನ ನಂಜುಂಡೇಶ್ ಮೂವತ್ತೊಂಬತ್ತು ಕವರಿಗೂ ತಗಡು ಕತ್ತರಿಸಿ ಇಟ್ಟಿದ್ದಾರೆ. ಯಂತ್ರಗಳು ಯಾವ ಊರಿಗೆ, ಯಾರ ಮನೆಗೆ ಹೋಗಿವೆ ಎಂಬ ಪಟ್ಟಿ ನಿಮ್ಮಲ್ಲಿ ಮಾತ್ರ ಇದೆ. ಅದನ್ನು ಈ ವಾರವೇ ಕೊಡಿ. ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ಕಡೆ ಜೋಳ ಮುರಿಯುವುದು ಶುರುವಾಗಿದೆ. ನೀವು ಕೊಡದಿದ್ದರೆ ಆ ವಿಳಾಸಗಳು ನನಗೆ ಆಸ್ಪತ್ರೆಯಿಂದ ಒಂದೊಂದಾಗಿ ಸಿಗುತ್ತವೆ.

ಇಂತಿ,
ಹೊಸ ಪ್ರೋಗ್ರಾಂನಲ್ಲಿ ತನ್ನ ನಕ್ಷೆ ಹೇಗೆ ಕಾಣುತ್ತದೆಂದು ತಾನೂ ಹೋಗಿ ನೋಡದ ತಪ್ಪಿಗೆ ದಿನವೂ ಕೊರಗುವ
ವೀರಭದ್ರಸ್ವಾಮಿ, ಡ್ರಾಫ್ಟ್ಸ್‌ಮನ್