ಎರಡನೆಯ ಮಹಡಿಯ ಮೈದುನ, ಐದನೆಯ ಮಹಡಿಯ ಮಗ

ವೈದ್ಯಕೀಯ ವಿಶ್ವವಿದ್ಯಾಲಯದ ಅಂಗದಾನ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಹೆತ್ತ ತಾಯಿಗೆ ನನ್ನ ಯಕೃತ್ತಿನ ಒಂದು ತುಂಡು ಕೊಡಲು ತಾವು ಬಿಡುತ್ತಿಲ್ಲ. ರಕ್ತದ ಗುಂಪು ಹೊಂದುತ್ತದೆ, ಸ್ಕ್ಯಾನಿಂಗ್ ಸರಿಯಿದೆ, ಶಸ್ತ್ರಚಿಕಿತ್ಸಕರು ಸಿದ್ಧರಿದ್ದಾರೆ. ನಾನಂತೂ ಮೂರು ತಿಂಗಳಿಂದ ತುದಿಗಾಲಲ್ಲಿ ನಿಂತಿದ್ದೇನೆ. ತಾವು ಮಾತ್ರ ಅರ್ಜಿಯ ಮೇಲೆ "ದಾನಿ ರಕ್ತಸಂಬಂಧಿಯಲ್ಲ, ರೋಗಿಯ ಮೈದುನ" ಎಂದು ಬರೆದು ಮುದ್ರೆ ಒತ್ತಿದ್ದೀರಿ. ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ಕಚೇರಿಗೆ ಹಾಕಿದ ನಾಲ್ಕು ಪತ್ರಗಳಲ್ಲಿ ಒಂದಕ್ಕಾದರೂ ಉತ್ತರ ಬಂದಿದ್ದರೆ ಐದನೆಯದನ್ನು ಊರಿಗೆಲ್ಲ ಓದಿಸುವ ಹುಕಿ ನನಗೇನೂ ಇರಲಿಲ್ಲ.

ತಾವೂ ನಮ್ಮಂತೆ ಕಜಾಕ್ ಜನಾಂಗದವರೇ. ನಮ್ಮ ಮನೆಯಲ್ಲಿ ನಡೆದದ್ದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಸಭೆಗೆ ಹೋಗುವಾಗ ತಾವೆಲ್ಲ ಇಂಥ ತಿಳಿವಳಿಕೆಯನ್ನು ಕೋಟಿನ ಜೊತೆ ಹೊರಗೇ ನೇತುಹಾಕಿ ಹೋಗುತ್ತೀರಿ. ನಮ್ಮ ಪದ್ಧತಿಯಲ್ಲಿ ಚೊಚ್ಚಲ ಮಗು ಅಜ್ಜ ಅಜ್ಜಿಯದು. ನಾನು ಹುಟ್ಟಿದ ನಲವತ್ತನೆಯ ದಿನ ನನ್ನ ತಾಯಿ ಕುಲ್ಯಾಶ್ ನನ್ನನ್ನು ಎತ್ತಿ ತನ್ನ ಅತ್ತೆಯ ಮಡಿಲಿಗೆ ಹಾಕಿದಳು. ಆಗ ಅವಳಿಗೆ ಹತ್ತೊಂಬತ್ತು. ಜನನ ಪತ್ರದಲ್ಲಿ ಅಜ್ಜ ಅಪ್ಪನಾದ, ಅಜ್ಜಿ ಅವ್ವನಾದಳು, ಹುಟ್ಟಿಸಿದ ಅಪ್ಪ ಅಣ್ಣನಾದ. ಹೆತ್ತವಳು ಅತ್ತಿಗೆಯಾದಳು. ಗಂಡನ ತಮ್ಮಂದಿರ ಹೆಸರನ್ನು ಸೊಸೆ ಬಾಯಲ್ಲಿ ತರಬಾರದಲ್ಲ, ಹಾಗಾಗಿ ನನಗೆ "ಸಣ್ಣ ಸಾಹೇಬ" ಎಂದು ಹೆಸರಿಟ್ಟಳು. ನಲವತ್ತೊಂದು ವರ್ಷ ಹಾಗೇ ಕರೆದಳು, ಒಂದು ಸಲವೂ ಬಾಯಿ ತಪ್ಪಲಿಲ್ಲ.

ಏಪ್ರಿಲ್‌ನಲ್ಲಿ ಎರಡನೆಯ ಮಹಡಿಯ ತಮ್ಮ ಸಭೆಗೆ ನಮ್ಮಿಬ್ಬರನ್ನೂ ಕರೆಸಿದಿರಿ. ಬಾಗಿಲ ಹೊರಗೆ ಕೂತು ನಾನು ಪಾಠ ಹೇಳಿಕೊಟ್ಟೆ.

"ಅತ್ತಿಗೆ, ನಾನು ಯಾರು ಅಂತ ಕೇಳ್ತಾರೆ. ಮಗ ಅನ್ನಿ. ಅಷ್ಟೇ ಸಾಕು."

"ಅದೇನ್ ಮಹಾ, ಸಣ್ಣ ಸಾಹೇಬ್ರೇ! ಅಂತೀನಿ ಬಿಡಿ."

ಒಳಗೆ ಒಂಬತ್ತು ಜನ, ನಡುವೆ ಬಿಳಿ ಗಡ್ಡದ ತಾವು. ತಮ್ಮನ್ನು ಕಂಡದ್ದೇ ತಡ, ಅವಳು ತಲೆವಸ್ತ್ರ ಎಳೆದುಕೊಂಡು ಕಣ್ಣು ಕೆಳಗೆ ಹಾಕಿದಳು. ಅರವತ್ತು ವರ್ಷದ ಹೆಂಗಸು ಮಾವನೆದುರು ನಿಂತ ಹೊಸ ಸೊಸೆಯಂತಾದಳು.

"ಇವ್ರು ನಿಮಗೇನಾಗ್ಬೇಕಮ್ಮ?" ಎಂದಿರಿ.

"ನಮ್ಮನೆಯವ್ರ ತಮ್ಮ," ಎಂದಳು.

ಹೊರಗೆ ಬಂದು ಗೋಡೆ ಹಿಡಿದು ಅತ್ತಳು. "ನನ್ನ ನಾಲಿಗೆ ಸೇದೋಗ! ದೊಡ್ಡೋರ ಮುಂದೆ ಅದು ತಾನಾಗೇ ಹಾಗಂದ್ಬಿಡ್ತು ಸಾಹೇಬ್ರೇ." ಅಷ್ಟರಲ್ಲಿ ತಮ್ಮ ಗುಮಾಸ್ತೆ ಅದನ್ನು ಬರೆದುಕೊಂಡಾಗಿತ್ತು. ನಾನು ಒಳಗೆ ಓಡಿ ಕೈಮುಗಿದೆ. "ದಾಖಲೆಯೂ ಅದನ್ನೇ ಹೇಳುತ್ತದಲ್ಲ" ಎಂದು ತಾವು ಮುಂದಿನ ಕಡತ ಬಿಚ್ಚಿದಿರಿ.

ಈಗ ತಮ್ಮದೇ ಕಟ್ಟಡದ ಐದನೆಯ ಮಹಡಿಗೆ ಬರೋಣ. ಅಲ್ಲಿ ಯಕೃತ್ತಿನ ರೋಗದ ಸಂಶೋಧನೆ ನಡೆಯುತ್ತದೆ. ಕುಲ್ಯಾಶಳ ಯಕೃತ್ತನ್ನು ಕೆಡಿಸಿದ ವೈರಸ್ ಅವಳ ಆಮೇಲಿನ ಇಬ್ಬರು ಮಕ್ಕಳಿಗೂ ಅವಳಿಂದ ತಗುಲಿತು, ಚೊಚ್ಚಲ ಮಗ ಹೇಗೆ ಪಾರಾದ ಎಂಬುದು ಅವರ ಕುತೂಹಲ. ಆರು ವರ್ಷದಿಂದ ನಮ್ಮ ರಕ್ತ ತೆಗೆದು ತೆಗೆದು ಇಟ್ಟುಕೊಂಡಿದ್ದಾರೆ. ಗೋಡೆಯ ಮೇಲೆ ನಮ್ಮ ವಂಶದ ನಕ್ಷೆ ಇದೆ. ಕುಲ್ಯಾಶಳ ಗುರುತಿನಿಂದ ನೇರ ಕೆಳಗೊಂದು ಗೆರೆ, ಅದರ ತುದಿಯಲ್ಲಿ ನಾನು. ತರಬೇತಿಗೆ ಬರುವ ಎಳೆಯ ವೈದ್ಯರಿಗೆಲ್ಲ ಅದನ್ನು ತೋರಿಸಿಯೇ ಪಾಠ. ಅವರಲ್ಲೊಬ್ಬಳು, ಮೊಲ್ದಿರ್ ಎಂಬ ವೈದ್ಯೆ, ನನ್ನನ್ನು ಕಂಡು ತಲೆ ತಗ್ಗಿಸಿದಳು.

"ವಂಶವಾಹಿ ಪರೀಕ್ಷೆ ಇಲ್ಲೇ ಇದೆ ಅಣ್ಣ. ನೀವು ಅವರ ಮಗನೇ. ಆದ್ರೆ ಬರೆದು ಕೊಡೋ ಹಾಗಿಲ್ಲ, ಸಂಶೋಧನೆಗೆ ಮಾತ್ರ ಅಂತ ನೀವೇ ಸಹಿ ಹಾಕಿದೀರ."

ಅಂದರೆ ಪಾಠಕ್ಕೆ ನಾನು ಮಗ, ಪ್ರಾಣ ಉಳಿಸಲು ಮೈದುನ. ಎರಡು ಮಹಡಿಗಳ ನಡುವೆ ಲಿಫ್ಟ್ ಇದೆ, ಕೆಲಸವನ್ನೂ ಮಾಡುತ್ತದೆ. ಅದರಲ್ಲಿ ಒಂದು ಹಾಳೆ ಇಳಿದು ಬರುವುದಕ್ಕೆ ಏನು ಅಡ್ಡಿ? ಹೊಸದಾಗಿ ಪರೀಕ್ಷೆ ಮಾಡಿಸುತ್ತೇನೆ ಎಂದರೆ, ಮೊದಲು ನ್ಯಾಯಾಲಯದಲ್ಲಿ ಜನನ ಪತ್ರ ತಿದ್ದಿಸಿ ಎನ್ನುತ್ತೀರಿ. ನ್ಯಾಯಾಲಯಕ್ಕೆ ಹೋದರೆ ಹೆತ್ತವಳೇ ಸ್ವಸ್ಥ ಮನಸ್ಸಿನಲ್ಲಿ ಬಂದು ಹೇಳಬೇಕಂತೆ, ಅದೂ ನವೆಂಬರಿನಲ್ಲಿ. ತಮ್ಮ ವೈದ್ಯರು ಅವಳಿಗೆ ಕೊಟ್ಟಿರುವ ಗಡುವು ಈ ಬೇಸಿಗೆಯ ಕೊನೆ. ಯಾವ ಬಾಗಿಲು ತಟ್ಟಿದರೂ ಇನ್ನೊಂದು ಬಾಗಿಲು ತೋರಿಸುತ್ತಾರೆ, ತಿರುಗಿ ತಿರುಗಿ ಮೊದಲನೆಯದರ ಮುಂದೆಯೇ ಬಂದು ನಿಂತಿದ್ದೇನೆ.

ನಿಯಮ ಎಂದರೇನೆಂದು ನನಗೆ ಗೊತ್ತಿಲ್ಲದೆ ಇಲ್ಲ. ನಾನು ರೈಲಿನಲ್ಲಿ ಬೋಗಿ ಕಾಯುವವನು. ಟಿಕೆಟ್ಟಿನ ಹೆಸರೂ ಗುರುತಿನ ಚೀಟಿಯ ಹೆಸರೂ ತಾಳೆಯಾಗಲಿಲ್ಲವೆಂದು ಎಷ್ಟೋ ಜನರನ್ನು ಪ್ಲಾಟ್‌ಫಾರಂ ಮೇಲೆ ಬಿಟ್ಟು ಹೊರಟಿದ್ದೇನೆ. ಯಾರು ಯಾರನ್ನು ನೋಡಲು ಹೊರಟಿದ್ದರೋ, ನಾನು ಕೇಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆದರೆ ಅವರಿಗೆ ಮಾರನೆಯ ದಿನ ಇನ್ನೊಂದು ರೈಲಿತ್ತು.

ಕಳೆದ ಮಂಗಳವಾರ ಮಧ್ಯಾಹ್ನ ಉಪ್ಪಿಲ್ಲದ ಮಾಂಸದ ಸಾರನ್ನು ಅವಳಿಗೆ ಚಮಚದಲ್ಲಿ ಕುಡಿಸುತ್ತಿದ್ದೆ. ಯಕೃತ್ತು ಕೆಟ್ಟರೆ ವಿಷ ತಲೆಗೇರಿ ಮನಸ್ಸು ಮಸುಕಾಗುತ್ತದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಅವಳು ಚಮಚ ಸರಿಸಿ ನನ್ನ ಗಲ್ಲ ಹಿಡಿದಳು.

"ಝಾನಿಬೆಕ್, ಎಷ್ಟು ಸೊರಗಿದೀಯೋ ಮಗಾ. ಅತ್ತೆ ಹೊರಗೆ ಹೋದ್ರಾ? ಬೇಗ ಬಾ, ಅವ್ರು ಬರೋದ್ರೊಳಗೆ ಹಾಲು ಕುಡಿಸ್ಬಿಡ್ತೀನಿ."

ಅತ್ತೆ ತೀರಿಕೊಂಡು ಹದಿನೈದು ವರ್ಷವಾಯಿತು. ನನ್ನ ಹೆಸರನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಸಾರಿನ ಬಟ್ಟಲು ಹಿಡಿದುಕೊಂಡೇ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ವೈದ್ಯರನ್ನು "ಕೇಳಿದ್ರಲ್ಲ, ಇದನ್ನ ಬರ್ಕೊಳಿ" ಎಂದು ಬೇಡಿಕೊಂಡೆ. ಅವರು ಬರೆದುಕೊಂಡರು. ಹಾಸಿಗೆಯ ಕಾಲಿಗೆ ತೂಗಿದ ಹಾಳೆಯನ್ನು ಆಮೇಲೆ ಓದಿದೆ: "ಗೊಂದಲ ಹೆಚ್ಚಿದೆ. ಮೈದುನನನ್ನು ಮಗ ಎನ್ನುತ್ತಾರೆ."

ಬುದ್ಧಿ ನೆಟ್ಟಗಿದ್ದಾಗ ಹೇಳಿದ ಸುಳ್ಳು ತಮಗೆ ಹೇಳಿಕೆಯಾಯಿತು. ಬುದ್ಧಿ ಮಂಕಾದಾಗ ಹೊರಬಿದ್ದ ನಿಜ ರೋಗವಾಯಿತು. ಅವಳು ಇನ್ನು ಯಾವಾಗ ಬಾಯಿ ಬಿಡಬೇಕು, ತಾವೇ ಹೇಳಿ.

ನಾನು ಕೇಳುವುದು ಇಷ್ಟೇ. ಈ ವಾರದೊಳಗೆ ಸಮಿತಿಯನ್ನು ಅವಳ ಹಾಸಿಗೆಯ ಬಳಿ ಸೇರಿಸಿ, ಐದನೆಯ ಮಹಡಿಯ ಆ ನಕ್ಷೆಯನ್ನು ಜೊತೆಗೆ ತನ್ನಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ತಡಮಾಡಬೇಡಿ, ನಿನ್ನೆಯಿಂದ ಅವಳು ಮಾತು ಕಡಿಮೆ ಮಾಡಿದ್ದಾಳೆ.

ಇಂತಿ,
ಕುಲ್ಯಾಶಳ ಹಾಳೆಯಲ್ಲಿ ರೋಗಲಕ್ಷಣವೆಂದು ದಾಖಲಾಗಿರುವ
ಝಾನಿಬೆಕ್
ಬೋಗಿ ಸಿಬ್ಬಂದಿ, ಶು ಜಂಕ್ಷನ್